ತಪಾಸಣೆಯ ಹಬ್ಬ

"ಗುರುಗಳೇ, ಕಣ್ಣಾರೆ ಕಂಡದ್ದನ್ನು ಕಂಡಂತೆಯೇ ಹೇಳುವವನು ತಪ್ಪುವುದುಂಟೇ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಅವನ ದನಿಯಲ್ಲಿ ನೋವಿತ್ತು. ಜನ ಹೇಗಿದ್ದಾರೆ ನೋಡಿ ಬಾ ಎಂದು ಗುರುಗಳು ಅವನನ್ನು ಸುತ್ತಲಿನ ಹಳ್ಳಿಗಳಿಗೆ ಕಳುಹಿಸಿದ್ದರು. ಅವನು ಹೋಗಿ ಬಂದು, ಎಲ್ಲರೂ ಸುಖವಾಗಿದ್ದಾರೆ ಎಂದಿದ್ದ. ಗುರುಗಳು, ಇನ್ನೊಮ್ಮೆ ಹೋಗಿ ಬಾ ಎಂದಿದ್ದರು.

ಗುರುಗಳು ಈ ಕತೆ ಹೇಳಿದರು.

ದೂರದ ಒಂದು ಸೀಮೆಯಲ್ಲಿ ಕಲ್ಲಿದ್ದಲಿನ ಗಣಿಯಿತ್ತು. ಗಣಿಯ ಅಂಚಿಗೆ ಒಂದು ಊರಿತ್ತು. ಗಣಿಯನ್ನು ಊರಿನ ಕಡೆಗೆ ಇನ್ನಷ್ಟು ಅಗೆಯಲು ಅದರ ಮ್ಯಾನೇಜರ್ ಅನುಮತಿ ಕೇಳಿದ್ದ. ಗಾಳಿ, ನೀರು, ಮಣ್ಣು ಕೆಡದಂತೆ ಗಣಿ ನಡೆಯುತ್ತಿದೆಯೇ ಎಂದು ಮೊದಲು ನೋಡಿ ಬರಲು ಸರ್ಕಾರ ಒಬ್ಬ ಅಧಿಕಾರಿಯನ್ನು ಕಳುಹಿಸಿತು.

ಅಧಿಕಾರಿ ಪ್ರಾಮಾಣಿಕ. ಗಣಿಯವರ ಹಾರಕ್ಕೆ ಕೊರಳು ಕೊಡಲಿಲ್ಲ, ಅವರ ಚಹಾವನ್ನೂ ಮುಟ್ಟಲಿಲ್ಲ. ಗಣಿಯ ಗೇಟಿನ ಬಳಿ ತಾನೇ ಯಂತ್ರ ಹಿಡಿದು ಗಾಳಿಯ ದೂಳನ್ನು ಅಳೆದ. ಗಣಿಯಿಂದ ಹೊರಬೀಳುವ ನೀರನ್ನು ಸೀಸೆಯಲ್ಲಿ ತುಂಬಿ ಬೆಳಕಿಗೆ ಹಿಡಿದ. ತಿಳಿಯಾಗಿತ್ತು. ಲಾರಿಗಳೆಲ್ಲ ತಾಡಪಾಲು ಹೊದ್ದಿದ್ದವು. ದಾರಿಗೆ ಆಗಷ್ಟೇ ನೀರು ಚಿಮುಕಿಸಿ ನೆಲ ಘಮಘಮಿಸುತ್ತಿತ್ತು. ಗಣಿಯಿಂದ ತೆಗೆದ ಮಣ್ಣಿನ ಗುಡ್ಡದ ಮೇಲೆ ಸಸಿಗಳು ತಲೆಯಾಡಿಸುತ್ತಿದ್ದವು. ಎಲ್ಲಿ ನೋಡಿದರೂ ಒಂದು ಕುಂದಿಲ್ಲ. ಅನುಮತಿಗೆ ಅಡ್ಡಿಯಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಹೊರಡುವ ಮುನ್ನ ಅವನು ಒಬ್ಬನೇ ಊರೊಳಗೆ ನಡೆದ.

ಊರು ಕನಸಿನ ಹಾಗಿತ್ತು. ಬೇವಿನ ಮರಗಳು ಮಿಂದು ನಿಂತಂತಿದ್ದವು. ಮನೆ ಮನೆಯ ಮುಂದೆ ಬಿಳಿಯ ಬಟ್ಟೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಮುದುಕರು ಮಂಚಗಳನ್ನು ಹೊರಗೆಳೆದು ಮರದಡಿ ಮಲಗಿ, ಕಣ್ಣು ತೆರೆದು ಆಕಾಶ ನೋಡುತ್ತಿದ್ದರು. ಯಾರಿಗೂ ಅವಸರವಿಲ್ಲ, ಯಾರೂ ಗಟ್ಟಿಯಾಗಿ ಮಾತಾಡುತ್ತಿಲ್ಲ. ಒಂದು ಜಗಲಿಯ ಮೇಲೆ ಬಾಣಂತಿಯೊಬ್ಬಳು ಹಸುಗೂಸಿಗೆ ಸಂಜೆಯ ಹೂಬಿಸಿಲು ಕಾಯಿಸುತ್ತಿದ್ದಳು. ಕೂಸು ಮುಷ್ಟಿ ಬಿಚ್ಚಿ ಬೆಳಕನ್ನು ಹಿಡಿಯಲು ನೋಡುತ್ತಿತ್ತು. ಇಂಥ ನೆಮ್ಮದಿಯನ್ನು ಅಧಿಕಾರಿ ಎಲ್ಲಿಯೂ ಕಂಡಿರಲಿಲ್ಲ.

"ಇಂದು ನಿಮ್ಮೂರಿನಲ್ಲಿ ಏನು ಹಬ್ಬ, ತಂಗಿ?" ಎಂದು ಕೇಳಿದ.

"ನೀವು ಬಂದಿರಲ್ಲ ಅಣ್ಣ, ಅದೇ ಹಬ್ಬ," ಎಂದಳು ಅವಳು. "ಸಾಹೇಬರು ಬರುವ ದಿನ ದೂಳು ಏಳುವುದಿಲ್ಲ. ಕೂಸು ಹುಟ್ಟಿದ ಮೇಲೆ ಹೊರಗೆ ತಂದದ್ದು ಇದೇ ಮೊದಲು. ನಾಳೆಯೂ ಬರುತ್ತೀರಾ?"

ಅವಳು ದೂರು ಹೇಳಲಿಲ್ಲ. ನಗುನಗುತ್ತಲೇ ಕೇಳಿದಳು. ಅಧಿಕಾರಿ ಅಳೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೂ ಕಾಲಡಿಯ ನೆಲ ಮೆಲ್ಲಗೆ ಜರುಗಿದಂತಾಯಿತು. ಅವನು ತನ್ನ ಜೀಪಿನ ಚಾಲಕನನ್ನು ಕರೆದು, ಯಂತ್ರವನ್ನು ಇಳಿಸಿಕೊಂಡು, ನೀನು ಹೊರಡು, ನಾನು ಆಮೇಲೆ ಬರುತ್ತೇನೆ ಎಂದ. ಜೀಪು ಗಣಿಯ ಗೇಟು ದಾಟುವಾಗ ಮ್ಯಾನೇಜರ್ ಅಧಿಕಾರಿ ಒಳಗಿದ್ದಾನೆಂದೇ ತಿಳಿದು ಅದಕ್ಕೇ ಕೈ ಮುಗಿದು ಬೀಳ್ಕೊಟ್ಟ. ಅಧಿಕಾರಿ ರಾತ್ರಿ ಆ ಮನೆಯವರ ರೊಟ್ಟಿ ಉಂಡು, ಅವರ ಜಗಲಿಯ ಮೇಲೆಯೇ ಮಲಗಿದ.

ಬೆಳಗ್ಗೆ ಸೈರನ್ ಕೂಗಿ, ಗಣಿಯಲ್ಲಿ ಸಿಡಿಮದ್ದು ಸಿಡಿದು ನೆಲ ನಡುಗಿ ಎಚ್ಚರವಾಯಿತು. ಕಣ್ಣು ಬಿಟ್ಟರೆ ಎದುರಿನ ಬೇವಿನ ಮರವೇ ಇರಲಿಲ್ಲ. ಬೀದಿಯೂ ಇರಲಿಲ್ಲ. ಬೂದುಬಣ್ಣದ ಒಂದು ಮುಸುಕು ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ಅದರೊಳಗೆ ಲಾರಿಗಳ ಸದ್ದು ಬರುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ನಿನ್ನೆ ಕಂಡದ್ದು ಕನಸೋ, ಈಗ ಕಾಣುತ್ತಿರುವುದು ಕನಸೋ ಎಂದು ಅವನು ಬಹಳ ಹೊತ್ತು ಕುಳಿತೇ ಇದ್ದ. ಒಳಗಿನಿಂದ ಕೂಸು ಕೆಮ್ಮಿತು. ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡ ಕೆಮ್ಮು ಬರುವುದೆಂದು ಅವನಿಗೆ ಗೊತ್ತಿರಲಿಲ್ಲ. ತಾಯಿ ಹಳೆಯ ಸೀರೆಯೊಂದನ್ನು ನೀರಿನಲ್ಲಿ ಅದ್ದಿ ಬಾಗಿಲಿಗೆ ಇಳಿಬಿಟ್ಟಳು. ಅವಳ ಕೈಗೆ ಅದು ದಿನದ ಕೆಲಸ.

ಅವನು ಯಂತ್ರವನ್ನು ಆ ಅಂಗಳದಲ್ಲೇ ಇಟ್ಟು ಅಳೆದ. ಮಧ್ಯಾಹ್ನದವರೆಗೂ ಅಳೆಯುತ್ತಲೇ ಇದ್ದ. ಆಮೇಲೆ ದೂಳಿನಲ್ಲೇ ನಡೆದು ಗಣಿಯ ಆಫೀಸಿಗೆ ಹೋದ.

ಮ್ಯಾನೇಜರ್ ತಲೆಯೆತ್ತಿ ನೋಡಿ, "ಕೂಲಿಗೆ ಹೆಸರು ಬರೆಸಬೇಕಾದರೆ ಹಿಂದಿನ ಬಾಗಿಲಿಗೆ ಹೋಗಯ್ಯ," ಎಂದ.

ಅಧಿಕಾರಿ ಕರವಸ್ತ್ರದಿಂದ ಮುಖ ಒರೆಸಿಕೊಂಡ. ಮ್ಯಾನೇಜರ್ ಧಡಕ್ಕನೆ ಎದ್ದು ನಿಂತ. "ಸ್ವಾಮಿ, ಬರುವುದನ್ನು ಮೊದಲೇ ಹೇಳಿ ಕಳುಹಿಸಿದ್ದರೆ..." ಎಂದವನು ಮಾತನ್ನು ಅಲ್ಲಿಗೇ ನುಂಗಿದ.

"ನಾನು ಇನ್ನೂ ಹೋಗಿಯೇ ಇಲ್ಲ," ಎಂದ ಅಧಿಕಾರಿ.

ಅವನು ಎರಡೂ ದಿನ ಕಂಡದ್ದನ್ನು ವರದಿಯಲ್ಲಿ ಬರೆದ. ಗಣಿಗೆ ಅನುಮತಿ ಸಿಗಲಿಲ್ಲ. ಇನ್ನು ಮುಂದೆ ಗಾಳಿಯನ್ನು ಗೇಟಿನ ಬಳಿಯಲ್ಲ, ಊರಿನ ಅಂಗಳದಲ್ಲೇ ದಿನವೂ ಅಳೆಯಬೇಕೆಂದು ಆಜ್ಞೆಯಾಯಿತು. ಗಣಿಯೇನೂ ಮುಚ್ಚಲಿಲ್ಲ, ದೂಳು ಪೂರಾ ಅಡಗಲೂ ಇಲ್ಲ. ಆದರೆ ದಾರಿಗೆ ನೀರು ಚಿಮುಕಿಸುವ ಟ್ಯಾಂಕರ್ ಬಹಳಷ್ಟು ದಿನ ಬರತೊಡಗಿತು. ಕೂಸು ಆ ಜಗಲಿಯ ಮೇಲೆಯೇ ಅಂಬೆಗಾಲಿಡಲು ಕಲಿಯಿತು. ಗಣಿಯವರು ಮೇಲಿನವರಿಗೆ ಹೇಳಿ ಅಧಿಕಾರಿಯನ್ನು ಬೇರೆ ಸೀಮೆಗೆ ವರ್ಗ ಮಾಡಿಸಿದರು. ಅವನು ಬೇಸರಿಸಲಿಲ್ಲ. ಅಲ್ಲಿಯೂ ಜೀಪನ್ನು ಮೊದಲು ಕಳುಹಿಸಿಬಿಡುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ ಯೋಚಿಸಿ ಕೇಳಿದ: "ಹಾಗಾದರೆ ಅವನು ಮೊದಲ ದಿನ ಕಂಡದ್ದು ಸುಳ್ಳೇ, ಗುರುಗಳೇ?"

"ಸುಳ್ಳಲ್ಲಪ್ಪ, ಅತಿಥಿಯ ಎಲೆಗೆ ಯಾರೂ ತಮ್ಮ ಹಸಿವನ್ನು ಬಡಿಸುವುದಿಲ್ಲ," ಎಂದರು ಗುರುಗಳು.

ಚೆನ್ನಮಲ್ಲ ಎದ್ದು ಮತ್ತೆ ಆ ಹಳ್ಳಿಗಳ ದಾರಿ ಹಿಡಿದ.