ಮುಚ್ಚಿದ ಐಸ್ ಪೆಟ್ಟಿಗೆ

ಒಂದು ಐಸ್ ಪ್ಲಾಂಟು, ಜಾಗ ಸಮೇತ. ಅದನ್ನು ಕೊಟ್ಟು ಜಟ್ಟಪ್ಪ ಮೊಗೇರ ಕೊಂಡದ್ದು ಒಂದು ‘ಆದರೂ ಆಗಬಹುದು’.

ವ್ಯವಹಾರ ಹೀಗಿತ್ತು. ಹೆಂಡತಿ ಮಾದೇವಿಯ ಉಸಿರು ನಿಂತ ಗಳಿಗೆಯಲ್ಲೇ ಅವಳ ಮೈಯನ್ನು ಐಸಿನಲ್ಲಿ ಇಡಬೇಕು. ಸಂಶೋಧನಾಲಯದ ವ್ಯಾನು ಬಂದು ಒಯ್ಯುತ್ತದೆ. ಅಲ್ಲಿ ಉಕ್ಕಿನ ತೊಟ್ಟಿಯೊಳಗೆ, ಐಸಿಗಿಂತ ಎಷ್ಟೋ ಪಾಲು ಕೊರೆಯುವ ಚಳಿಯಲ್ಲಿ ಅವಳನ್ನು ಇಡುತ್ತಾರೆ. ಮುಂದೆಂದೋ ಅವಳ ರೋಗಕ್ಕೆ ಮದ್ದು ಸಿಕ್ಕೀತು, ಹೆಪ್ಪುಗಟ್ಟಿದವರನ್ನು ಎಬ್ಬಿಸುವ ವಿದ್ಯೆಯೂ ಸಿಕ್ಕೀತು. ಆಗ ಏಳುತ್ತಾಳೆ.

ಜಟ್ಟಪ್ಪ ಯಾರದೋ ಮಾತಿಗೆ ಮರುಳಾಗಿ ಕೊಟ್ಟವನಲ್ಲ. ವರ್ಷಗಟ್ಟಲೆ ಓದಿದ್ದ. ಸಂಶೋಧಕರ ಜೊತೆ ಕೂತು ವಾದ ಮಾಡಿದ್ದ. ಹೆಪ್ಪುಗಟ್ಟಿಸಿಟ್ಟ ಸೂಜಿಮೊನೆಯಷ್ಟು ಹುಳವೊಂದು ಮತ್ತೆ ಹರಿದಾಡಿದ್ದನ್ನು ತಾನೇ ನೋಡಿದ್ದ.

ಆಸ್ಪತ್ರೆಯವರು ಕೈಬಿಟ್ಟ ಮೇಲೆ ಮಾದೇವಿ ಕೇಳಿದ್ದು ನದಿ ದಂಡೆಯ ಆಶ್ರಮವನ್ನು. ಗಂಡ ಹೆಂಡತಿ ಇಬ್ಬರೂ ಅಲ್ಲಿಯ ಗುರುಗಳ ಶಿಷ್ಯರು. ಗುರುಗಳು ನದಿಯ ಕಡೆಗೆ ಕಿಟಕಿಯಿರುವ ಕೋಣೆ ಕೊಟ್ಟರು. ಜಟ್ಟಪ್ಪ ಮಂಚದ ಪಕ್ಕ ಐಸು ತುಂಬಿದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಒಂದರ ಮೇಲೆ ತಾನೇ ಕೂತ.

ಬಿಸಿಲು ನೆತ್ತಿಗೆ ಬಂದಿತ್ತು.

“ಬಾಯಿ ಒಣಗ್ತದೆ,” ಎಂದಳು ಮಾದೇವಿ.

ನೀರಿನ ಲೋಟ ಹಿಡಿದ.

“ನೀರು ಇಳೀತಿಲ್ಲ. ಒಂದು ಚೂರು ಐಸು ಕೊಡಿ. ನಾಲಿಗೆ ಮೇಲೆ ಇಟ್ಕೊಳ್ತೇನೆ.”

ಜಟ್ಟಪ್ಪ ಏಳಲಿಲ್ಲ. ತುಂಬಿದ ಪೆಟ್ಟಿಗೆಯನ್ನು ಇಳಿಸುವ ಜಾಗದ ತನಕ ತೆರೆಯಬಾರದು. ಅಪ್ಪನಿಂದ ಕಲಿತ ಮೊದಲ ಪಾಠ ಅದು. ದಾರಿಯಲ್ಲಿ ಸುಮ್ಮನೆ ಮುಚ್ಚಳ ಎತ್ತಿ ಇಣುಕಿದ ಡ್ರೈವರುಗಳು ಇಡೀ ಮೀನಿನ ಲೋಡು ಕೆಡಿಸಿದ್ದನ್ನು ಅವನು ಕಂಡಿದ್ದ. ಇಲ್ಲಿರುವ ಐಸು ಬೇಕಾದಷ್ಟಕ್ಕೆ ಸರಿಯಾಗಿತ್ತು, ಹೆಚ್ಚಿಗೆ ಇರಲಿಲ್ಲ. ಅವನ ಕೈಯಲ್ಲಿ ಉಳಿದಿದ್ದ ಇನ್ನೊಂದು ಪ್ಲಾಂಟು ಅರ್ಧ ದಿನದ ದಾರಿ.

“ಸ್ವಲ್ಪ ತಡ್ಕೊ,” ಎಂದ.

ಗುರುಗಳು ಬಾಗಿಲಲ್ಲಿ ನಿಂತಿದ್ದರು. ಮಾದೇವಿ ಅವರತ್ತ ಮುಖ ತಿರುಗಿಸಿದಳು.

“ನೋಡಿ ಗುರುಗಳೇ. ಇಡೀ ಬಂದರಿಗೆ ಐಸು ಕೊಟ್ಟವರು. ಹೆಂಡತಿಗೆ ಒಂದು ಚೂರು ಅಂದ್ರೆ ಲೆಕ್ಕ ಹಾಕ್ತಾರೆ.”

“ಲೆಕ್ಕ ನಿನಗೋಸ್ಕರವೇ ಮಾರಾಯ್ತಿ.”

“ನನಗೇನೂ ಬೇಡಿತ್ತು. ನಾನು ಹ್ಞೂಂ ಅಂದದ್ದು ನಿಮ್ಮ ಮುಖ ನೋಡ್ಲಿಕ್ಕಾಗದೆ.”

ಅಷ್ಟರಲ್ಲಿ ಫೋನು ಬಂತು. ವ್ಯಾನಿನವರದು. ಘಟ್ಟದ ತಿರುವಿನಲ್ಲಿ ಲಾರಿ ಮಗುಚಿ ರಸ್ತೆ ಕಟ್ಟಿದೆ, ಬರುವಾಗ ಸಂಜೆಯಾಗುತ್ತದೆ. ಅಲ್ಲಿಯ ತನಕ ಐಸು ಜೋಪಾನ.

ಜಟ್ಟಪ್ಪ ಮುಚ್ಚಳದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಏಳು ಜಟ್ಟಪ್ಪ,” ಎಂದರು ಗುರುಗಳು.

“ಏಳುವುದಿಲ್ಲ ಗುರುಗಳೇ.”

ಗುರುಗಳ ಮಾತಿಗೆ ಅವನು ಇಲ್ಲ ಎಂದದ್ದು ಅದೇ ಮೊದಲು. ಗುರುಗಳು ಸಿಟ್ಟಾಗಲಿಲ್ಲ. ಅವನೆದುರು ನೆಲದ ಮೇಲೆ ಕೂತರು.

“ಮೀನಿಗೆ ಐಸು ಯಾಕೆ ಹಾಕ್ತೀಯ?”

“ಪೇಟೆ ಮುಟ್ಟುವ ತನಕ ಕೆಡದಿರಲಿ ಅಂತ.”

“ಇವಳನ್ನು ಯಾವ ಪೇಟೆಗೆ ಕಳಿಸ್ತೀಯ?”

“ಮುಂದಿನ ಕಾಲದ ವೈದ್ಯರ ಹತ್ತಿರ. ನೂರು ವರ್ಷವೂ ಆಗಬಹುದು.”

“ಅಲ್ಲಿ ಇಳಿಸಿಕೊಳ್ಳುವವರು ಯಾರು?”

“ಯಾರೋ ಇರ್ತಾರೆ.”

“ಯಾರೋ ಇರ್ತಾರೆ ಅಂತ ನೀನು ಒಂದು ಬುಟ್ಟಿ ಬಂಗುಡೆಯನ್ನಾದರೂ ಕಳಿಸಿದ್ದುಂಟಾ?”

ಜಟ್ಟಪ್ಪನ ಮುಖ ಕೆಂಪೇರಿತು. “ಹಾಗಾದರೆ ಸುಡುವುದೇ ಸರಿ ಅಂತೀರಾ? ಬೂದಿಯಿಂದ ಯಾರೂ ಎದ್ದು ಬಂದದ್ದಿಲ್ಲ. ಇದರಲ್ಲಿ ಸಾವಿರಕ್ಕೊಂದು ಪಾಲಾದರೂ ಉಂಟು.”

“ಉಂಟು. ಹುಡುಕಬೇಡ ಅಂತ ನಾನು ಹೇಳಲಿಲ್ಲ. ಸುಡು ಅಂತಲೂ ಹೇಳಲಿಲ್ಲ. ಏಳು ಅಂದೆ.”

“ಒಂದು ಸಲ ತೆರೆದರೆ ಮತ್ತೆ ಮತ್ತೆ ಕೇಳ್ತಾಳೆ.”

“ಕೇಳಲಿ.”

“ಸಂಜೆಗೆ ಐಸು ಉಳಿಯುವುದಿಲ್ಲ.”

“ಸಂಜೆಗೆ ಬಾಯಾರಿಕೆ ಉಳಿಯುತ್ತದಾ?”

ಜಟ್ಟಪ್ಪ ಹೆಂಡತಿಯನ್ನು ನೋಡಿದ. ಬೆಳಗಿನಿಂದ ಅವನು ಕಾಯುತ್ತಿದ್ದದ್ದು ಅವಳ ಎದೆಯ ಏರಿಳಿತವನ್ನು, ಅದು ನಿಲ್ಲುವ ಗಳಿಗೆ ತಪ್ಪಬಾರದೆಂದು. ಅವಳ ತುಟಿ ಬಿರಿದು ರಕ್ತ ಜಿನುಗಿದ್ದು ಈಗ ಕಣ್ಣಿಗೆ ಬಿತ್ತು.

ಎದ್ದ. ಮುಚ್ಚಳ ತೆಗೆದ. ಚೂರೊಂದನ್ನು ಒಡೆದು ಅವಳ ನಾಲಿಗೆಯ ಮೇಲಿಟ್ಟ.

ಅವಳು ಕಣ್ಣು ಮುಚ್ಚಿ ಚೀಪಿದಳು. “ಮೀನು ವಾಸನೆ ಉಂಟು,” ಎಂದಳು.

“ಪೆಟ್ಟಿಗೆ ಹೊಸದು.”

“ಪೆಟ್ಟಿಗೆಯದ್ದಲ್ಲ. ನಿಮ್ಮ ಕೈಯದ್ದು.”

ಜಟ್ಟಪ್ಪನಿಗೆ ನಗು ಬಂತು.

ಅವಳು ಮತ್ತೆ ಕೇಳಿದಳು. ಕೊಟ್ಟ. ಹಣೆ ಸುಡುತ್ತಿದೆ ಎಂದಳು, ಬಟ್ಟೆಯಲ್ಲಿ ಕಟ್ಟಿ ಇಟ್ಟ. ಅಂಗಾಲು ಎಂದಳು. ಒಂದು ಪೆಟ್ಟಿಗೆ ಮುಗಿದು ಇನ್ನೊಂದು ತೆರೆದ, ಆಮೇಲೆ ಮತ್ತೊಂದು. ಯಾವ ಮುಚ್ಚಳವನ್ನೂ ತಿರುಗಿ ಮುಚ್ಚುವ ವ್ಯವಧಾನ ಅವನಿಗೆ ಉಳಿಯಲಿಲ್ಲ. ನಡುನಡುವೆ ಮಾದೇವಿ ಬಂದರಿನ ಹಳೆಯ ಜಗಳಗಳನ್ನು ತೆಗೆದಳು, ಅವನ ತಂಗಿಯ ಜಂಭವನ್ನು ಅಣಕಿಸಿದಳು. ಅವನ ಬೆರಳುಗಳು ಮರಗಟ್ಟಿದ್ದವು. ಅವಳು ಅವನ್ನು ತನ್ನ ಅಂಗೈಯೊಳಗೆ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು.

ಹಿಡಿತ ಸಡಿಲಾದದ್ದು ಸೂರ್ಯ ಇಳಿಯುವಾಗ.

ವ್ಯಾನು ಬಂತು. ಅದರವನು ಪೆಟ್ಟಿಗೆಗಳಲ್ಲಿ ಕೈಯಾಡಿಸಿ ನೋಡಿದ. ಬರೀ ನೀರು.

“ಹೀಗಾದರೆ ಒಯ್ದು ಪ್ರಯೋಜನವಿಲ್ಲ ಯಜಮಾನರೇ. ಕೊಟ್ಟದ್ದು ವಾಪಸ್ಸೂ ಬರುವುದಿಲ್ಲ. ಕರಾರಿನಲ್ಲೇ ಇದೆ.”

“ಗೊತ್ತು,” ಎಂದ ಜಟ್ಟಪ್ಪ.

ವ್ಯಾನು ತಿರುಗಿತು. ಅವನು ಹೋಗಿ ಗುರುಗಳ ಮುಂದೆ ಕೂತ.

“ಪ್ಲಾಂಟು ಹೋಯಿತು. ಆ ಸಾವಿರಕ್ಕೊಂದು ಪಾಲೂ ಹೋಯಿತು. ಅವಳೂ ಹೋದಳು. ನನಗೆ ಬಂದದ್ದೇನು ಗುರುಗಳೇ?”

“ಒಂದು ಮಧ್ಯಾಹ್ನ ಬಂತು,” ಎಂದರು ಗುರುಗಳು. “ಇಬ್ಬರಿಗೂ ಬಂತು.”