ಮಾಸ್ತರರ ಮಾರು, ಶಿಷ್ಯನ ಮಾರು

ಗಡ್ಡ, ಕಾವಿ, ಕಮಂಡಲ ಇದ್ದರೇ ಗುರು ಎನ್ನುವವರಿಗೆ ಈ ಕಥೆ ಹಿಡಿಸಲಿಕ್ಕಿಲ್ಲ. ಪುರ್ಸು ಮಾಸ್ತರರು ದಿನಾ ಗಡ್ಡ ಬೋಳಿಸಿಕೊಳ್ಳುತ್ತಿದ್ದರು, ಚೌಕಳಿ ಲುಂಗಿ ಉಡುತ್ತಿದ್ದರು, ಚಹಾ ಇಲ್ಲದಿದ್ದರೆ ಸಿಡುಕುತ್ತಿದ್ದರು.

ಮೂವತ್ತು ವರ್ಷ ಹಡಗುಗಳಿಗೆ ದಾರಿ ಹೇಳಿದವರು ಅವರು. ಈಗ ಅಘನಾಶಿನಿ ಕಡಲು ಸೇರುವಲ್ಲಿ ಒಂದು ಹೆಂಚಿನ ಮಾಡಿನ ಕೆಳಗೆ ಕೂತು, ಹಡಗಿನ ಪರೀಕ್ಷೆ ಕಟ್ಟುವವರಿಗೆ ಪಾಠ ಹೇಳುತ್ತಿದ್ದರು. ಆ ಮಾಡಿಗೆ ಗೋಡೆ ಮೂರೇ. ನಾಲ್ಕನೆಯ ಕಡೆ ನದಿ.

ಒಂದು ಶನಿವಾರ ಬೆಳಿಗ್ಗೆ ಹಳೆಯ ಶಿಷ್ಯ ಉಲ್ಹಾಸ ತಾಂಡೇಲ ಬಂದ. ಆರಡಿ ಮೀರಿದ ಆಳು, ಸರಕು ಹಡಗೊಂದರಲ್ಲಿ ಎರಡನೆಯ ಅಧಿಕಾರಿ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು.

“ಹಡಗು ನೀರೊಳಗಿನ ದಿಬ್ಬ ಹತ್ತಿತು, ಮಾಸ್ತರ್ರೆ.”

“ಕೇಳಿದೆ. ಯಾರಿಗಾದ್ರೂ ಪೆಟ್ಟಾಯ್ತಾ?”

“ಇಲ್ಲ. ತಳ ಹರೀತು. ಮೂರು ದಿನ ಅಲ್ಲೇ ಸಿಕ್ಕಿಕೊಂಡಿದ್ವಿ. ಸೋಮವಾರ ವಿಚಾರಣೆ.”

“ಮತ್ತೆ ಇಲ್ಲಿಗೆ ಎಂತಕ್ಕೆ ಬಂದೆ?”

“ಯಾರು ಸುಳ್ಳು ಹೇಳಿದ್ರು ಅಂತ ಗೊತ್ತಾಗ್ತಾ ಇಲ್ಲ. ಉಪಗ್ರಹದ ಮಾತು ಕೇಳಿ ಜಾಗ ಹೇಳೋ ಪೆಟ್ಟಿಗೆ ಸರಿ ಇತ್ತು. ಆಮೇಲೆ ಪರೀಕ್ಷೆ ಮಾಡಿ ನೋಡಿದ್ರು, ಹತ್ತು ಮೀಟರೂ ತಪ್ಪಿಲ್ಲ. ನಕ್ಷೆಯೂ ಸರಿ. ದಿಬ್ಬ ಅದರಲ್ಲಿ ಇದೆ. ಪೆಟ್ಟಿಗೆ ಹೇಳಿದ ಅಂಕಿಯನ್ನ ನಾನೇ ನಕ್ಷೆ ಮೇಲೆ ಗುರುತು ಹಾಕಿದೆ, ಅದೂ ಸರಿ. ಆ ಗುರುತಿನ ಪ್ರಕಾರ ನಾವು ದಿಬ್ಬದಿಂದ ಮುನ್ನೂರು ಮೀಟರ್ ದೂರ ಇದ್ವಿ.”

“ಆದ್ರೆ?”

“ಆದ್ರೆ ದಿಬ್ಬದ ಮೇಲೇ ಇದ್ವಿ!”

ಒಂದು ತಿಂಗಳಿಂದ ಅವನ ತಲೆಯೊಳಗೆ ಇದೇ ಗಾಣ ತಿರುಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಎಲ್ಲ ಸರಿ, ಕೊನೆಗೆ ಹಡಗು ಮಾತ್ರ ದಿಬ್ಬದ ಮೇಲೆ.

“ಇನ್ನು ಉಳಿದದ್ದು ಯಾರು?” ಎಂದರು ಮಾಸ್ತರರು.

ಉಲ್ಹಾಸ ನೆಲ ನೋಡಿದ.

“ಸಾದಿಕ್. ಚುಕ್ಕಾಣಿ ಹಿಡಿದವ. ಅವನೇ ಹಡಗನ್ನ ದಾರಿಯಿಂದ ಜಾರಿಸಿರ್ಬೇಕು ಅಂತ ಕ್ಯಾಪ್ಟನ್ ಹೇಳ್ತಾರೆ. ನಾನೂ ‘ಇರಬಹುದು’ ಅಂತ ಬರೆದುಕೊಟ್ಟೆ. ಅವನನ್ನ ಮನೆಗೆ ಕಳಿಸಿಬಿಟ್ರು. ಸೋಮವಾರ ನಾನು ಅದನ್ನೇ ಬಾಯಿಬಿಟ್ಟು ಹೇಳಿದ್ರೆ, ಅವನು ಇನ್ನು ಹಡಗು ಹತ್ತೋ ಹಾಗಿಲ್ಲ.”

“ಅವನ ಮನೆ ಆಚೆ ದಡದಲ್ಲೇ ಅಲ್ವಾ?”

“ಹೌದು. ಬರುವಾಗ ಅಂಗಳದಲ್ಲೇ ಇದ್ದ. ನಾನು ಮುಖ ತಿರುಗಿಸಿಕೊಂಡು ದೋಣಿ ಹತ್ತಿದೆ.”

ಮಾಸ್ತರರು ಒಲೆಯ ಕಡೆ ತಿರುಗಿದರು.

“ಚಹಾ ಕುಡಿತೀಯಾ?”

“ಕುಡಿತೇನೆ.”

“ಪುಡಿ ಡಬ್ಬಿ ಮರಳಲ್ಲಿ ಹುಗಿದಿಟ್ಟಿದ್ದೇನೆ. ಹುಡುಕಿ ತಾ.”

ಉಲ್ಹಾಸನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಬದುಕು ಮುಳುಗುತ್ತಿರುವಾಗ ಈ ಮುದುಕರಿಗೆ ಆಟ! ಆದರೆ ಪುರ್ಸು ಮಾಸ್ತರರ ಜೊತೆ ವಾದಕ್ಕಿಳಿದು ಗೆದ್ದವರು ಆ ತೀರದಲ್ಲಿ ಯಾರೂ ಇರಲಿಲ್ಲ.

ನೀರು ಇಳಿದಿತ್ತು. ಒದ್ದೆ ಮರಳಿನ ಮೇಲೆ ಬಲೆ ಒಣಗಿಸುವ ಮೂರು ಗೂಟಗಳು ನಿಂತಿದ್ದವು.

“ಮೊದಲನೇ ಗೂಟದಿಂದ ಏಳು ಮಾರು,” ಎಂದರು ಮಾಸ್ತರರು. “ಎರಡನೇದರಿಂದ ಒಂಬತ್ತು. ಮೂರನೇದರಿಂದ ಐದು. ಮೂರೂ ಕೂಡುವಲ್ಲಿ ಡಬ್ಬಿ. ಹಗ್ಗ ಅಲ್ಲಿದೆ ನೋಡು.”

ಮಾರು ಎಂದರೆ ಎರಡೂ ಕೈ ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗಿನ ಉದ್ದ. ಹಗ್ಗ, ಬಲೆ, ನೀರಿನ ಆಳ, ಎಲ್ಲವನ್ನೂ ಅಲ್ಲಿಯವರು ಅಳೆಯುವುದು ಹಾಗೆಯೇ. ಉಲ್ಹಾಸನ ಅಪ್ಪ ಅಳೆದದ್ದೂ ಹಾಗೆಯೇ.

ಅವನು ಕೈ ಚಾಚಿ ಹಗ್ಗ ಅಳೆದ. ಗೂಟಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಮರಳಿನ ಮೇಲೆ ಗೆರೆ ಎಳೆಯುತ್ತ ಸುತ್ತಿದ. ಹೀಗೆ ಮೂರು ಗೂಟಕ್ಕೆ ಮೂರು ಗೆರೆ.

ಮೂರೂ ಒಂದು ಕಡೆ ಕೂಡಲಿಲ್ಲ. ಎರಡೆರಡೇ ಸೇರಿ ಮೂರು ಕಡೆ ಕೂಡಿದವು. ನಡುವೆ ಒಂದು ಸಣ್ಣ ಕೋಣೆಯಷ್ಟು ಜಾಗ ಖಾಲಿ ಉಳಿಯಿತು.

ಅವನು ಮೂರೂ ಮೂಲೆ ಅಗೆದ. ಚಿಪ್ಪು ಸಿಕ್ಕಿತು, ಏಡಿ ಸಿಕ್ಕಿತು. ಡಬ್ಬಿ ಸಿಗಲಿಲ್ಲ.

“ಗೂಟ ಅಲುಗಾಡಿದೆ, ಮಾಸ್ತರ್ರೆ.”

“ಹತ್ತು ವರ್ಷದಿಂದ ಅಲ್ಲೇ ಇದಾವೆ.”

ಮತ್ತೆ ಅಳೆದ. ಮತ್ತೆ ಅದೇ ಮೂರು ಮೂಲೆ.

“ಹಗ್ಗ ನೆನೆದು ಹಿಗ್ಗಿದೆ.”

“ನೀನು ಅಳೆದದ್ದೇ ನೆನೆದ ಹಗ್ಗವನ್ನ.”

ಬಿಸಿಲು ಏರಿತು. ಉಲ್ಹಾಸನ ಪ್ಯಾಂಟು ಮೊಣಕಾಲವರೆಗೆ ಕೆಸರಾಯಿತು. ಕೊನೆಗೆ ಅವನು ಹಗ್ಗ ಬಿಸಾಕಿದ.

“ನೀವು ಡಬ್ಬಿ ಹುಗಿದೇ ಇಲ್ಲ!”

ಮಾಸ್ತರರು ನಕ್ಕರು. “ಗೂಟ ಸರಿ ಇಲ್ಲ, ಹಗ್ಗ ಸರಿ ಇಲ್ಲ, ಮಾಸ್ತರ ಸುಳ್ಳುಗಾರ. ಇನ್ನು ಯಾರಿದ್ದಾರೆ?”

ಉಲ್ಹಾಸ ಸುತ್ತ ನೋಡಿದ. ಮರಳಿನ ಮೇಲೆ ಅವನೊಬ್ಬನೇ ಇದ್ದ.

“ಯಾರ ಮಾರಿನಲ್ಲಿ ಅಳೆದೆ?”

“ನನ್ನ ಮಾರಿನಲ್ಲಿ.”

“ಹುಗಿದವ ಯಾರು?”

ಉಲ್ಹಾಸ ಅವರನ್ನು ಮೇಲಿಂದ ಕೆಳಗೆ ನೋಡಿದ. ಮಾಸ್ತರರು ಐದಡಿ ಇದ್ದರೆ ಹೆಚ್ಚು. ಅವರು ಎದ್ದು ಬಂದು, ತಮ್ಮ ಗಿಡ್ಡ ಕೈಗಳನ್ನು ಚಾಚಿ ಹಗ್ಗ ಅಳೆದುಕೊಟ್ಟರು. ಈ ಸಲ ಮೂರು ಗೆರೆಯೂ ಆ ಖಾಲಿ ಜಾಗದ ಒಳಗೆ ಒಂದೇ ಕಡೆ ಕೂಡಿದವು. ಒಂದು ಗೇಣು ಅಗೆದರೆ ಡಬ್ಬಿ.

ಚಹಾ ಕುದಿಯಿತು. ಇಬ್ಬರೂ ಜಗಲಿಯಲ್ಲಿ ಕೂತರು.

“ಉಪಗ್ರಹ ಎಂತ ಹೇಳ್ತದೆ?” ಎಂದು ಕೇಳಿದರು ಮಾಸ್ತರರು.

“‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಅಂತ. ಅಷ್ಟೇ.”

“ನಿನ್ನ ಹಡಗು ಎಲ್ಲಿದೆ ಅಂತ ಹೇಳೋದಿಲ್ಲವಾ?”

“ಅದಕ್ಕೆ ನಮ್ಮ ಹಡಗು ಗೊತ್ತೇ ಇಲ್ಲ. ಅದರ ಮಾತು ಬಂದು ಮುಟ್ಟೋಕೆ ಎಷ್ಟು ಹೊತ್ತಾಯ್ತು ಅಂತ ಪೆಟ್ಟಿಗೆ ಲೆಕ್ಕ ಹಾಕ್ತದೆ. ಹೊತ್ತಿನಿಂದ ದೂರ ಸಿಗ್ತದೆ.”

“ಅದೇ ಹಗ್ಗ. ಎಷ್ಟು ಹಗ್ಗ ಬೇಕು?”

“ಮೂರರಲ್ಲಿ ಜಾಗ ಸಿಗ್ತದೆ. ಆದ್ರೆ ನಾಲ್ಕು ಬೇಕು.”

“ನಾಲ್ಕನೇದು ಎಂತಕ್ಕೆ?”

ಇದನ್ನು ಉಲ್ಹಾಸ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದ. ಗಿಣಿಯ ಹಾಗೆ ಒಪ್ಪಿಸಿದ: “ಉಪಗ್ರಹದ ಗಡಿಯಾರ ಬಹಳ ನಿಖರ. ನಮ್ಮ ಪೆಟ್ಟಿಗೆಯ ಗಡಿಯಾರ ಸಾಧಾರಣದ್ದು. ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲು ತಪ್ಪಿದ್ರೂ ದೂರ ಮೂರು ಕಿಲೋಮೀಟರ್ ತಪ್ಪುತ್ತದೆ. ಆ ತಪ್ಪನ್ನ ಹಿಡಿಯೋಕೆ ನಾಲ್ಕನೇದು.”

“ಯಾರ ತಪ್ಪು?”

“ನಮ್ಮದು.”

ಹೇಳಿ ಉಲ್ಹಾಸ ಲೋಟ ಕೆಳಗಿಟ್ಟ. ಮತ್ತೆ ತಲೆ ಕೆಟ್ಟಿತು.

“ಆದ್ರೆ ಮಾಸ್ತರ್ರೆ, ಪೆಟ್ಟಿಗೆ ನಾಲ್ಕಲ್ಲ, ಒಂಬತ್ತು ಉಪಗ್ರಹ ಹಿಡಿದಿತ್ತು. ಅದರಲ್ಲಿ ತಪ್ಪೇ ಇಲ್ಲ. ನೀವು ಹೇಳಿದ್ದು ಅರ್ಥ ಆಯ್ತು, ನನ್ನ ಹಡಗಿಗೆ ಏನಾಯ್ತು ಅಂತ ಅರ್ಥ ಆಗ್ಲಿಲ್ಲ.”

“ನಕ್ಷೆ ಬಿಚ್ಚು.”

ಹಡಗು ಹಳೆಯದು, ಅದರಲ್ಲಿ ಇನ್ನೂ ಕಾಗದದ ನಕ್ಷೆಗಳೇ. ದಿಬ್ಬವಿದ್ದ ಆ ಕೊಲ್ಲಿಯ ನಕ್ಷೆಯ ಇನ್ನೊಂದು ಪ್ರತಿಯಲ್ಲಿ ಅದೇ ಗುರುತು ಹಾಕಿ ಉಲ್ಹಾಸ ತಂದಿದ್ದ. ಜಗಲಿಯ ಮೇಲೆ ಹಾಸಿದ. ಗಾಳಿಗೆ ಅದು ಪಟಪಟ ಅಂದಿತು. ಅವನು ನೋಡದೆಯೇ ಕೈ ಚಾಚಿ, ಪಕ್ಕದಲ್ಲಿದ್ದ ಕಪ್ಪು ಕಲ್ಲನ್ನು ಎತ್ತಿ ಎಡಗಡೆಯ ಕೆಳಮೂಲೆಯ ಮೇಲಿಟ್ಟ.

ಮಾಸ್ತರರು ಆ ಕೈಯನ್ನೇ ನೋಡುತ್ತಿದ್ದರು.

“ಹಡಗಿನಲ್ಲೂ ಹಾಗೇ ಇಡ್ತೀಯಾ?”

“ಅಲ್ಲಿ ಸೀಸದ ತುಂಡು ಇದೆ.”

“ಅದೇ ಮೂಲೆಗೆ?”

“ಯಾವಾಗಲೂ ಅದೇ ಮೂಲೆಗೆ. ನೀವೇ ಕಲಿಸಿದ್ದಲ್ವಾ?”

“ಹಡಗಿನ ಕೋಣೆಯಲ್ಲಿ ಗಾಳಿ ಎಲ್ಲಿಂದ ಬರ್ತದೆ?”

ಉಲ್ಹಾಸ ಕಲ್ಲಿನ ಕಡೆ ನೋಡಿದ.

“ಕಲ್ಲು ತೆಗಿ.”

ಕಲ್ಲಿನ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದ ಎರಡು ಸಾಲು ಇದ್ದವು. ಉಪಗ್ರಹದಿಂದ ಪಡೆದ ಸ್ಥಾನವನ್ನು ಈ ನಕ್ಷೆಯ ಮೇಲೆ ಗುರುತಿಸುವ ಮುನ್ನ ಇಷ್ಟು ದಕ್ಷಿಣಕ್ಕೆ, ಇಷ್ಟು ಪಶ್ಚಿಮಕ್ಕೆ ಸರಿಸಿಕೊಳ್ಳಬೇಕು ಎಂದಿತ್ತು.

ಉಲ್ಹಾಸ ಕೈವಾರ ತೆಗೆದು ಅಳೆದ. ಮುನ್ನೂರು ಮೀಟರ್. ಗುರುತು ಸರಿದು ದಿಬ್ಬದ ನಟ್ಟನಡುವೆ ಕೂತಿತು.

“ಈ ನಕ್ಷೆಗೆ ಅಳತೆ ಮಾಡಿದವರು ಉಪಗ್ರಹ ಹುಟ್ಟೋಕೆ ನೂರು ವರ್ಷ ಮೊದಲು ಸತ್ತವರು,” ಎಂದರು ಮಾಸ್ತರರು. “ಯಾವುದೋ ಗುಡ್ಡದ ಮೇಲೆ ನಿಂತು, ಭೂಮೀನ ಅವರ ಮಾರಿನಲ್ಲಿ ಅಳೆದ್ರು. ಉಪಗ್ರಹ ಅದರ ಮಾರಿನಲ್ಲಿ ಅಳೀತದೆ.”

“ಅಂದ್ರೆ ಯಾರೂ ಸುಳ್ಳು ಹೇಳಲಿಲ್ಲ.”

“ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ, ಇಲ್ಲಿವರೆಗೆ.”

ಉಲ್ಹಾಸನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಗೊಂದಲವೇ ವಾಸಿಯಿತ್ತು ಅನಿಸಿತು.

“ಆವತ್ತು ಸಾದಿಕ್ ಏನಾದ್ರೂ ಹೇಳಿದ್ನಾ?” ಮಾಸ್ತರರು ಮೆಲ್ಲಗೆ ಕೇಳಿದರು.

ಉಲ್ಹಾಸ ನಕ್ಷೆ ಸುತ್ತತೊಡಗಿದ.

“‘ನೀರಿನ ಬಣ್ಣ ಬದಲಾಗಿದೆ ಸಾಹೇಬ್ರೆ, ಒಮ್ಮೆ ಹೊರಗೆ ನೋಡಿ’ ಅಂದ. ಎರಡು ಸಲ ಅಂದ.”

“ನೀನು?”

“ಪೆಟ್ಟಿಗೆ ಒಂದು ಹೇಳ್ತದೆ, ನಕ್ಷೆ ಅದನ್ನೇ ಹೇಳ್ತದೆ, ನನ್ನ ಗುರುತೂ ಅದನ್ನೇ ಹೇಳ್ತದೆ, ನಿಂದೊಂದು ಬೇರೆ ಅಂದೆ. ಚುಕ್ಕಾಣಿ ನೋಡಿಕೋ ಅಂದೆ.”

ಮಾಸ್ತರರು ಬೆರಳು ಎಣಿಸಿದರು. ಪೆಟ್ಟಿಗೆ, ನಕ್ಷೆ, ಗುರುತು. ನಾಲ್ಕನೆಯ ಬೆರಳನ್ನು ಮಡಚದೆ ಆಚೆ ದಡದ ಕಡೆ ಹಿಡಿದರು.

ಉಲ್ಹಾಸ ಎದ್ದ. ಕೂತ. ಮತ್ತೆ ಎದ್ದ.

“ವಿಚಾರಣೆಯಲ್ಲಿ ಕಲ್ಲಿನ ವಿಷಯ ಹೇಳಿದ್ರೆ ನಗ್ತಾರೆ.”

“ನಗಲಿ. ಕಲ್ಲು ಯಾರು ಕಲಿಸಿದ್ದು ಅಂತ ಕೇಳಿದ್ರೆ ನನ್ನ ಹೆಸರು ಹೇಳು. ಇಲ್ಲಿ ಪಡುಗಾಳಿ ಬೀಸ್ತದೆ ಅಂತ ನಿಮಗೆಲ್ಲ ಆ ಮೂಲೆಗೆ ಕಲ್ಲು ಇಡಿಸಿದವ ನಾನು. ಎಷ್ಟು ಹಡಗಲ್ಲಿ ಎಷ್ಟು ಜನ ಇಟ್ಟುಕೊಂಡು ಕೂತಿದ್ದಾರೋ, ಯಾರಿಗೆ ಗೊತ್ತು.”

ಹೇಳಿ ಅವರು ಎದ್ದರು. ಮಾಡಿನ ಕೆಳಗಿದ್ದ ಕಪ್ಪು ಕಲ್ಲುಗಳನ್ನೆಲ್ಲ ಒಂದೊಂದಾಗಿ ಆರಿಸಿ, ನದಿಗೆ ಹಾಕಿ ಬಂದರು. ಆಮೇಲೆ ಚಪ್ಪಲಿ ಮೆಟ್ಟಿದರು.

“ಎಲ್ಲಿಗೆ, ಮಾಸ್ತರ್ರೆ?”

“ಆಚೆ ದಡಕ್ಕೆ. ನಡಿ, ದೋಣಿ ಹೊರಡ್ತದೆ.”

ದೋಣಿ ನಡುನೀರಿಗೆ ಬಂದಾಗ ಆಚೆ ಅಂಗಳ ಕಂಡಿತು. ಸಾದಿಕ್ ಮೆಟ್ಟಿಲ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ಕೈ ನಿಲ್ಲಿಸಿ ದೋಣಿಯ ಕಡೆ ನೋಡಿದ. ಈ ಸಲ ಉಲ್ಹಾಸ ಮುಖ ತಿರುಗಿಸಲಿಲ್ಲ, ಆದರೆ ಅವನ ಕೈ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

“ಮಾಸ್ತರ್ರೆ, ನನ್ನ ಲೈಸೆನ್ಸ್ ಹೋಗ್ತದಾ?”

“ಹೋಗಬಹುದು.”

“ಹೋದ್ರೆ ಆಮೇಲೆ ನಾನು ಎಲ್ಲಿರ್ತೇನೆ?”

ಮಾಸ್ತರರು ಹಿಂದಿನ ದಡ ನೋಡಿದರು, ಮುಂದಿನ ದಡ ನೋಡಿದರು.

“ಈಗ ಎಲ್ಲಿದ್ದೀಯೋ ಅಲ್ಲೇ. ಇನ್ನು ಮೇಲೆ ಅದು ನಿಂಗೆ ಗೊತ್ತಿರ್ತದೆ.”