ಮರದ ಕೋಲು

ಹೊಳೆದಂಡೆಯ ಮಠದ ಕೊಟ್ಟಿಗೆಯಲ್ಲಿ ಹುಲ್ಲು ಕೊಯ್ಯುವ ಹಳೇ ಯಂತ್ರವೊಂದು ತುಕ್ಕು ಹಿಡಿದು ಬಿದ್ದಿತ್ತು. ಕುದುರೆ ಕಟ್ಟಿ ಎಳೆಸುವಂಥದ್ದು. ಅದನ್ನು ರಿಪೇರಿ ಮಾಡಿಯೇ ತೀರುತ್ತೇನೆಂದು ಭದ್ರಯ್ಯನಿಗೆ ಹಟ. ಹಟಕ್ಕೇನು, ಅವನಲ್ಲಿ ಯಾವತ್ತೂ ಧಾರಾಳ.

ಅದೇ ವಾರ ಅವನು, ಕೆಲಸಕ್ಕೆ ಏಳಲಿಲ್ಲವೆಂದು, ಚನ್ನಮಲ್ಲನನ್ನು ಊಟದ ಪಂಕ್ತಿಯಲ್ಲಿ ಎಲ್ಲರೆದುರು ದಂಡಪಿಂಡ ಎಂದು ಜರೆದಿದ್ದ. ಚನ್ನಮಲ್ಲನಿಗೆ ಮೈಸುಡುವ ಜ್ವರವಿತ್ತೆಂದು ಆಮೇಲೆ ತಿಳಿಯಿತು. ಇಬ್ಬರೂ ಒಂದೇ ದಿನ ಮಠಕ್ಕೆ ಬಂದವರು, ಒಂದೇ ಚಾಪೆಯಲ್ಲಿ ಮಲಗಿದವರು.

"ಹೋಗಿ ತಪ್ಪಾಯ್ತು ಅನ್ನು," ಎಂದರು ಗುರುಗಳು.

"ನಾನು ಬಗ್ಗೋನಲ್ಲ ಬುದ್ಧಿ."



ಯಂತ್ರದ ಮೈಯೆಲ್ಲ ಕಬ್ಬಿಣ. ಗಾಲಿ ಉರುಳಿದರೆ ಒಳಗಿನ ಹಲ್ಲುಚಕ್ರ ತಿರುಗುತ್ತಿತ್ತು, ಅದು ಒಂದು ಕೋಲನ್ನು ದೂಡುತ್ತಿತ್ತು, ಕೋಲು ಅಲಗನ್ನು ಆಚೀಚೆ ಆಡಿಸುತ್ತಿತ್ತು. ಆ ಕೋಲು ಮಾತ್ರ ಮರದ್ದು. ಮೂಲೆಯಲ್ಲಿ ಅಂಥವೇ ಮುರಿದ ಕೋಲುಗಳ ರಾಶಿ.

ಭದ್ರಯ್ಯನಿಗೆ ನಗು ಬಂತು. ಕಮ್ಮಾರನಿಂದ ಗಟ್ಟಿ ಕಬ್ಬಿಣದ ಕೋಲು ಮಾಡಿಸಿ ಕೂರಿಸಿದ.

"ಇನ್ನು ಜನ್ಮದಲ್ಲಿ ಮುರಿಯಲ್ಲ ಬುದ್ಧಿ."

"ಹಳೇ ಕೋಲುಗಳು?"

"ಬಚ್ಚಲ ಒಲೆಗೆ ಹಾಕಿದೆ."

"ನೀರು ಕಾಯ್ತಾ?"

"ಚೆನ್ನಾಗಿ ಕಾಯ್ತು."

"ಸರಿ," ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಚನ್ನಮಲ್ಲ ಗಂಟು ಕಟ್ಟಿ, ಗುರುಗಳ ಪಾದಕ್ಕೆರಗಿ, ಇನ್ನು ಬರುವುದಿಲ್ಲವೆಂದು ಹೇಳಿ ಹೊಳೆಯ ಕಡೆ ನಡೆದ. ದೋಣಿಯವನು ಜನ ತುಂಬದೆ ದೋಣಿ ಬಿಡುವವನಲ್ಲ. ಭದ್ರಯ್ಯ ಕಣ್ಣಂಚಿನಲ್ಲಿ ನೋಡಿದ.  ಆಮೇಲೆ ಕುದುರೆಯನ್ನು ಯಂತ್ರಕ್ಕೆ ಕಟ್ಟಿದ.

ಹುಲ್ಲು ಸರಸರನೆ ಮಲಗತೊಡಗಿತು. ಎರಡು ಸಾಲು ಮುಗಿಯುವಷ್ಟರಲ್ಲಿ ಹುಲ್ಲೊಳಗಿನ ಕಲ್ಲೊಂದು ಅಲಗಿಗೆ ಸಿಕ್ಕಿಕೊಂಡಿತು. ಅಲಗು ನಿಂತಿತು. ಕೋಲು ಬಗ್ಗಲಿಲ್ಲ. ಒಳಗೆ ಏನೋ ಫಟ್ಟೆಂದಿತು, ಕುದುರೆ ಮುಗ್ಗರಿಸಿ ಮೊಣಕಾಲೂರಿತು.

ಮುಚ್ಚಳ ತೆಗೆದರೆ ಹಲ್ಲುಚಕ್ರ ಎರಡು ಹೋಳು. ಅಂಥ ಎರಕ ಈಗ ಯಾರೂ ಹೊಯ್ಯುವುದಿಲ್ಲ.

ಗುರುಗಳು ಬಂದು ಕುದುರೆಯ ತರಚಿದ ಮೊಣಕಾಲಿಗೆ ಅರಿಶಿನ ಒತ್ತುತ್ತ ಕೂತರು.

"ಕೋಲಿಗೆ ಏನೂ ಆಗಿಲ್ಲ ಬುದ್ಧಿ," ಎಂದ ಭದ್ರಯ್ಯ. ಹೇಳುವಾಗಲೇ ನಾಚಿಕೆಯಾಯಿತು.

"ಇಷ್ಟೊಂದು ಕಬ್ಬಿಣ ಹೊಯ್ದೋರಿಗೆ ಒಂದು ಕೋಲಿಗೆ ಮಾತ್ರ ಕಬ್ಬಿಣ ಸಾಲದೆ ಹೋಯ್ತಾ, ಭದ್ರ?"

ಭದ್ರಯ್ಯನಿಗೆ ಒಲೆಗೆ ಹಾಕಿದ ರಾಶಿ ನೆನಪಾಯಿತು. ಒಂದೊಂದು ಕೋಲು ಮುರಿದಾಗಲೂ ಚಕ್ರ ಉಳಿದಿತ್ತು, ಕುದುರೆ ಉಳಿದಿತ್ತು. ಅವನು ಎರಡು ಹೋಳುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಜೋಡಿಸಿ ನೋಡಿದ.

"ಇದು ಮತ್ತೆ ಕೂಡುತ್ತಾ ಬುದ್ಧಿ?"

"ಅದು ಕೂಡಲ್ಲ," ಎಂದು ಗುರುಗಳು ತಲೆಯೆತ್ತಿ ಹೊಳೆಯ ಕಡೆ ನೋಡಿದರು. "ದೋಣಿ ಇನ್ನೂ ಈ ದಡದಲ್ಲೇ ಇದೆ."